ಸೆಕೆಂಡ್ ಹ್ಯಾಂಡ್ ಅಮೆರಿಕನ್ ಸ್ಪೋರ್ಟ್ಸ್ ಕಾರು: ಮುಂಗಡ ಕೊಡುವ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು

ನಮ್ಮ ಜಿಲ್ಲೆಯ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ವ್ಯವಹಾರಕ್ಕೆಂದು ಹಳೆಯ ಲಾರಿಯನ್ನೋ ಟ್ರ್ಯಾಕ್ಟರನ್ನೋ ಕೊಳ್ಳುವಾಗ ತೋರುವ ಎಚ್ಚರಿಕೆ ಮೆಚ್ಚತಕ್ಕದ್ದು. ಪರಿಚಯದ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯುತ್ತಾರೆ, ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಾರೆ, ಸಾಲ ತೀರಿದೆಯೇ ಎಂದು ವಿಚಾರಿಸುತ್ತಾರೆ, ಚೌಕಾಸಿ ಮಾಡುತ್ತಾರೆ. ಆದರೆ ಅದೇ ವ್ಯಕ್ತಿ ಬೆಂಗಳೂರಿನ ಯಾವುದೋ ಶೋರೂಮಿನಲ್ಲಿ ಮನಸ್ಸಿಗೆ ಹಿಡಿಸಿದ ಕೆಂಪು ಬಣ್ಣದ ಕಾರಿನ ಮುಂದೆ ನಿಂತಾಗ ಈ ಎಚ್ಚರಿಕೆಯೆಲ್ಲವೂ ಬಾಗಿಲ ಹೊರಗೇ ಉಳಿಯುವುದುಂಟು. ಹೊಳಲು, ಮದ್ದೂರು, ಮಳವಳ್ಳಿ ಕಡೆಯ ಕೆಲವು ಸದಸ್ಯರು, ವಿಶೇಷವಾಗಿ ವ್ಯವಹಾರಕ್ಕೆ ಈಚೆಗೆ ಕೈಹಾಕಿರುವ ಎರಡನೆಯ ತಲೆಮಾರಿನವರು, ಇಂತಹ ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳಬಹುದೇ, ತೆರಿಗೆಯಲ್ಲಿ ಏನು ಅನುಕೂಲ ಎಂದು ಕೇಳುತ್ತಿರುವುದರಿಂದ, ಆ ಪ್ರಶ್ನೆಗೆ ಸಂಬಂಧಿಸಿದ ಕಾನೂನು ಮತ್ತು ಲೆಕ್ಕಪತ್ರದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಕಾರು ಕೊಳ್ಳಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ದುಡಿದವರಿಗೆ ಅನುಭವಿಸುವ ಹಕ್ಕಿದೆ. ಆದರೆ ಮೂವತ್ತು ನಲವತ್ತು ಲಕ್ಷ ರೂಪಾಯಿಗಳ ವ್ಯವಹಾರವನ್ನು ವ್ಯವಹಾರದಂತೆಯೇ ನಡೆಸಬೇಕಾಗುತ್ತದೆ.

ನಿಜವಾಗಿ ದೊರೆಯುವುದು ಯಾವುದು?

ಅಮೆರಿಕನ್ ಸ್ಪೋರ್ಟ್ಸ್ ಕಾರು ಎಂದಾಗ ನಮ್ಮ ದೇಶದ ಮಟ್ಟಿಗೆ ಮುಖ್ಯವಾಗಿ ಒಂದೇ ಹೆಸರು ಉಳಿಯುತ್ತದೆ: ಫೋರ್ಡ್ ಮಸ್ಟ್ಯಾಂಗ್. ಈ ಕಾರು 1964ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದರೂ, ಕಾರ್ಖಾನೆಯಿಂದಲೇ ಬಲಬದಿಯ ಸ್ಟೀರಿಂಗ್ ಸಹಿತ ಹೊರಬಂದದ್ದು ಆರನೆಯ ಪೀಳಿಗೆಯಲ್ಲಿ ಮಾತ್ರ. 2016ರ ಜುಲೈನಲ್ಲಿ ಫೋರ್ಡ್ ಸಂಸ್ಥೆಯು ಇದನ್ನು ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್ ಕಾರ್ಖಾನೆಯಿಂದ ಸಿದ್ಧ ರೂಪದಲ್ಲಿಯೇ ಆಮದು ಮಾಡಿಕೊಂಡು, ದೆಹಲಿಯ ಶೋರೂಮ್ ಬೆಲೆ 65 ಲಕ್ಷ ರೂಪಾಯಿಗಳಿಗೆ ಮಾರಾಟ ಆರಂಭಿಸಿತು. ಐದು ಲೀಟರ್ ಸಾಮರ್ಥ್ಯದ, ಎಂಟು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ ಮತ್ತು ಆರು ಗೇರುಗಳ ಆಟೋಮ್ಯಾಟಿಕ್ ವ್ಯವಸ್ಥೆ ಇದರದ್ದು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಈ ಮಾರಾಟ ನಿಂತಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಅಧಿಕೃತವಾಗಿ ಮಾರಾಟವಾದ ಮಸ್ಟ್ಯಾಂಗ್ ಎಂದರೆ 2016 ಮತ್ತು 2020ರ ನಡುವಿನದು, ಬಿಎಸ್-4 ದರ್ಜೆಯದು. 2022ರ ಹೊಸ ಮಸ್ಟ್ಯಾಂಗ್, ಅಧಿಕೃತ ಮಾರಾಟಗಾರರಿಂದಲೇ ಬಂದದ್ದು ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ನಿಂತು ಕಾಗದ ಕೇಳಬೇಕು.

ಷೆವರ್ಲೆ ಸಂಸ್ಥೆಯ ಕಾರ್ವೆಟ್, ಕಮಾರೊ ಹಾಗೂ ಡಾಜ್ ಚಾಲೆಂಜರ್ ಇಲ್ಲಿ ಅಧಿಕೃತವಾಗಿ ಮಾರಾಟವಾಗಲೇ ಇಲ್ಲ. ಜನರಲ್ ಮೋಟರ್ಸ್ ಸ್ವತಃ 2017ರ ಅಂತ್ಯಕ್ಕೆ ಭಾರತದ ಮಾರುಕಟ್ಟೆಯಿಂದ ಹೊರನಡೆಯಿತು. ಇಂತಹ ಕಾರು ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ಅದು ಖಾಸಗಿಯಾಗಿ ಆಮದಾದದ್ದು, ಆಮದಿನ ಕಾಗದಗಳೇ ಅದರ ಜಾತಕ.

ಅಮೆರಿಕದಲ್ಲಿರುವ ನೆಂಟರಿಂದ ಹಳೆಯ ಕಾರನ್ನು ಹಡಗಿನಲ್ಲಿ ತರಿಸಿಕೊಂಡರೆ ಅಗ್ಗವಾಗುವುದಿಲ್ಲವೇ ಎಂಬುದು ಪದೇ ಪದೇ ಬರುವ ಪ್ರಶ್ನೆ. ನಮ್ಮ ಆಮದು ನೀತಿಯ ಸಾಮಾನ್ಯ ನಿಯಮದಂತೆ ಬಳಸಿದ ವಾಹನವು ತಯಾರಾದ ದಿನದಿಂದ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಬದಿಯ ಸ್ಟೀರಿಂಗ್ ಇರಬೇಕು, ವೇಗಸೂಚಕವು ಕಿಲೋಮೀಟರಿನಲ್ಲಿರಬೇಕು, ಆಮದಾದ ದಿನದಿಂದ ಕನಿಷ್ಠ ಐದು ವರ್ಷ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು, ಮತ್ತು ಮುಂಬೈ ಬಂದರಿನ ಮೂಲಕವೇ ಬರಬೇಕು. ಅಮೆರಿಕದ ರಸ್ತೆಯಲ್ಲಿ ಓಡಿದ ಕಾರಿಗೆ ಎಡಬದಿಯ ಸ್ಟೀರಿಂಗ್ ಇರುವುದರಿಂದ ಎರಡನೆಯ ಷರತ್ತಿನಲ್ಲಿಯೇ ದಾರಿ ಮುಚ್ಚುತ್ತದೆ. ಹಾಗಿದ್ದರೂ ಕೆಲವು ವಿದೇಶಿ ಕಾರುಗಳು ಪ್ರವಾಸಿಗರ ತಾತ್ಕಾಲಿಕ ಪರವಾನಗಿಯಡಿ ಬಂದು, ಮರಳಿ ಹೋಗದೆ ಇಲ್ಲಿಯೇ ಕೈಬದಲಾಗುವುದುಂಟು. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆಯು ಭೂತಾನ್ ಮಾರ್ಗವಾಗಿ ಬಂದವೆನ್ನಲಾದ ಹಲವು ಐಷಾರಾಮಿ ವಾಹನಗಳನ್ನು ವಶಪಡಿಸಿಕೊಂಡಿತು. ಇಂತಹ ಸಂದರ್ಭದಲ್ಲಿ ವಾಹನ ಸಿಗುವುದು ಅದನ್ನು ಕೊನೆಯಲ್ಲಿ ಕೊಂಡವನ ಅಂಗಳದಲ್ಲಿ. ನಾನು ತಿಳಿಯದೆ ಕೊಂಡೆ ಎಂಬ ಮಾತು ವಾಹನವನ್ನು ಮರಳಿ ತಂದುಕೊಡುವುದಿಲ್ಲ. ಖಾಸಗಿ ಆಮದಿನ ಕಾರಾದರೆ ಸುಂಕ ಪಾವತಿಯ ಬಿಲ್ ಆಫ್ ಎಂಟ್ರಿಯ ಪ್ರತಿ, ಅದರಲ್ಲಿರುವ ಛಾಸಿ ಸಂಖ್ಯೆ ಮತ್ತು ಕಾರಿನ ಮೇಲಿರುವ ಸಂಖ್ಯೆ ಇವೆರಡೂ ತಾಳೆಯಾಗದೆ ಒಂದು ರೂಪಾಯಿಯನ್ನೂ ಕೊಡತಕ್ಕದ್ದಲ್ಲ.

ಛಾಸಿ ಸಂಖ್ಯೆಯ ಓದು

ಛಾಸಿ ಸಂಖ್ಯೆಯಲ್ಲಿ ಹದಿನೇಳು ಅಕ್ಷರ ಮತ್ತು ಅಂಕಿಗಳಿರುತ್ತವೆ. ಅಮೆರಿಕದಲ್ಲಿ ತಯಾರಾದ ಮಸ್ಟ್ಯಾಂಗ್‌ನಲ್ಲಿ ಇದು 1 ಎಂಬ ಅಂಕಿಯಿಂದ ಆರಂಭವಾಗುತ್ತದೆ. ಎಡದಿಂದ ಹತ್ತನೆಯದು ಮಾದರಿ ವರ್ಷವನ್ನು ಸೂಚಿಸುತ್ತದೆ: ಜಿ ಎಂದರೆ 2016, ಎಚ್ ಎಂದರೆ 2017, ಜೆ ಎಂದರೆ 2018, ಕೆ ಎಂದರೆ 2019, ಎಲ್ ಎಂದರೆ 2020. ಅಂಕಿಗಳೊಂದಿಗೆ ಗೊಂದಲವಾಗಬಾರದೆಂದು ಐ, ಒ, ಕ್ಯೂ ಅಕ್ಷರಗಳನ್ನು ಈ ಸಂಖ್ಯೆಯಲ್ಲಿ ಬಳಸುವುದೇ ಇಲ್ಲ. ಮುಂಗಾಜಿನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಓದಬಹುದಾದ ಪಟ್ಟಿ, ಬಾಗಿಲ ಕಂಬದ ಮೇಲಿನ ಚೀಟಿ, ನೋಂದಣಿ ಪತ್ರ, ವಿಮಾ ಪಾಲಿಸಿ ಈ ನಾಲ್ಕರಲ್ಲಿಯೂ ಒಂದೇ ಸಂಖ್ಯೆ ಇರಬೇಕು. 2016ರ ಮಾದರಿ 2018ರಲ್ಲಿ ನೋಂದಣಿಯಾಗಿರುವುದು ಸಾಧ್ಯ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಬೆಲೆಯನ್ನು ತಯಾರಿಕೆಯ ವರ್ಷದ ಮೇಲೆ ಮಾತನಾಡಬೇಕು, ನೋಂದಣಿ ವರ್ಷದ ಮೇಲಲ್ಲ.

ನಂಬರ್ ಪ್ಲೇಟಿನಲ್ಲಿ ಅಡಗಿರುವ ತೆರಿಗೆ

ಕಾರು ಕರ್ನಾಟಕದಲ್ಲಿಯೇ ನೋಂದಣಿಯಾಗಿದ್ದರೆ, ಮಂಡ್ಯಕ್ಕೆ ಅಂದರೆ ಕೆಎ-11ರ ವ್ಯಾಪ್ತಿಗೆ ಬಂದರೂ ಅದೇ ಸಂಖ್ಯೆ ಮುಂದುವರಿಯುತ್ತದೆ, ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಮಹಾರಾಷ್ಟ್ರ, ಪುದುಚೇರಿ ಅಥವಾ ಇನ್ನಾವುದೇ ಕಡೆಯ ಸಂಖ್ಯೆಯಿದ್ದರೆ ಲೆಕ್ಕವೇ ಬೇರೆ. ಮೋಟಾರು ವಾಹನ ಕಾಯ್ದೆ 1988ರ 47ನೆಯ ಪ್ರಕರಣದಂತೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿರುವ ವಾಹನಕ್ಕೆ ಆ ರಾಜ್ಯದ ಹೊಸ ಸಂಖ್ಯೆ ಪಡೆಯಬೇಕು. ಕೊಂಡವರು ಇಲ್ಲಿಯೇ ವಾಸಿಸುವವರಾದರೆ ಮಾಲೀಕತ್ವ ವರ್ಗಾವಣೆಯೊಂದಿಗೇ ಈ ಕೆಲಸವಾಗಬೇಕು.

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಳಿಗಿಂತ ಹೆಚ್ಚು ಬೆಲೆಯ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಶೇ. 11 ಉಪಕರ. ಅಂದರೆ ಹೆಚ್ಚುಕಡಿಮೆ ಶೇ. 20. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ಅನುಗುಣವಾಗಿ ಈ ಮೊತ್ತ ಇಳಿಯುತ್ತದೆ. ಆದರೆ ಬಹುಮಂದಿ ಗಮನಿಸದ ಸಂಗತಿಯೆಂದರೆ, ಲೆಕ್ಕ ಆರಂಭವಾಗುವುದು ಕಾರಿನ ಮೂಲ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. 65 ಲಕ್ಷದ ಕಾರಿಗೆ ಹೊಸದಾಗಿದ್ದಾಗ ಈ ದರದಲ್ಲಿ ಬರುವ ತೆರಿಗೆ ಸುಮಾರು 13 ಲಕ್ಷ. ವಯಸ್ಸಿನ ರಿಯಾಯಿತಿ ಕಳೆದ ಮೇಲೂ ಉಳಿಯುವ ಮೊತ್ತ ಅಗ್ಗದ ಬೆಲೆಯ ಲಾಭವನ್ನೆಲ್ಲ ನುಂಗಬಲ್ಲದು. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳಲು ಅವಕಾಶವಿದ್ದರೂ, ಅದು ಇಲ್ಲಿ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆದ ಮೇಲೆ ಅಲ್ಲಿಯ ಕಚೇರಿಗೆ ಅಲೆದು ಪಡೆಯಬೇಕಾದ ಹಣ. ಅದನ್ನು ಬೆಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳದಿರುವುದೇ ಕ್ಷೇಮ.

ಯಾರು ನೋಡುತ್ತಾರೆ ಎಂಬ ಕಾಲ ಈಗಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯದ ಸಾರಿಗೆ ಇಲಾಖೆಯು ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ಸಂಖ್ಯೆಯುಳ್ಳ ಒಂದು ಫೆರಾರಿ ಕಾರಿನಿಂದ ಸುಮಾರು 1.42 ಕೋಟಿ ರೂಪಾಯಿಗಳನ್ನು ವಸೂಲು ಮಾಡಲಾಯಿತು. ಸಾವಿರಾರು ಬಿಳಿ ಕಾರುಗಳ ನಡುವೆ ಹೊರರಾಜ್ಯದ ಒಂದು ಸಾಮಾನ್ಯ ಕಾರು ತಪ್ಪಿಸಿಕೊಳ್ಳಬಹುದು. ಮಂಡ್ಯದ ಪೇಟೆಬೀದಿಯಲ್ಲಿ ಮಸ್ಟ್ಯಾಂಗ್ ತಪ್ಪಿಸಿಕೊಳ್ಳಲಾರದು.

ಮಾಲೀಕತ್ವದ ಕಾಗದಪತ್ರಗಳು

ನಮೂನೆ 29 ಮಾರುವವರ ತಿಳುವಳಿಕೆ ಪತ್ರ, ನಮೂನೆ 30 ವರ್ಗಾವಣೆಯ ಅರ್ಜಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ಅರ್ಜಿ ಕೊಡಬೇಕು. ಹೊರರಾಜ್ಯದ್ದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಸಾಲವಿದ್ದ ಕಾರಾದರೆ ಬ್ಯಾಂಕಿನ ಸಹಿಯುಳ್ಳ ನಮೂನೆ 35 ಮತ್ತು ಸಾಲ ತೀರುವಳಿ ಪತ್ರ ಬೇಕು. ಸಾಲ ತೀರಿದೆ, ಕಾಗದ ಮುಂದಿನ ವಾರ ಬರುತ್ತದೆ ಎಂದರೆ, ಹಣವೂ ಮುಂದಿನ ವಾರ ಬರುತ್ತದೆ ಎಂದು ವಿನಯದಿಂದ ಹೇಳಿ ಬರುವುದು.

ಈ ದರ್ಜೆಯ ಕಾರುಗಳ ವಿಚಾರದಲ್ಲಿ ಒಂದು ವಿಶೇಷವಿದೆ. ಮೊದಲ ಮಾಲೀಕರು ಬಹಳಷ್ಟು ಸಲ ವ್ಯಕ್ತಿಯಲ್ಲ, ಕಂಪನಿ. ಆಗ ನೋಂದಣಿ ಪತ್ರದಲ್ಲಿ ಸಾಲದ ನಮೂದು ಇಲ್ಲವೆಂಬುದಷ್ಟೇ ಸಾಲದು. ಕಂಪನಿ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ ಆ ಕಂಪನಿಯ ಆಸ್ತಿಗಳ ಮೇಲಿನ ಋಣಭಾರದ ಪಟ್ಟಿಯನ್ನು ನೋಡಬಹುದು. ಎಲ್ಲ ಚರಾಸ್ತಿಗಳ ಮೇಲೆ ಬ್ಯಾಂಕಿನ ಹಕ್ಕು ಇದ್ದರೆ ಆ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಬೇಕು. ಆಡಳಿತ ಮಂಡಳಿಯ ನಿರ್ಣಯದ ಪ್ರತಿ, ಸಹಿ ಮಾಡುವವರ ಅಧಿಕಾರ ಪತ್ರ ಇವೂ ಬೇಕು. ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಗಿದ್ದರೆ ಅದರ ಆಸ್ತಿಯನ್ನು ನಿರ್ದೇಶಕರು ಮಾರುವಂತೆಯೇ ಇಲ್ಲ. ಆರಂಭವಾಗುವುದಕ್ಕೆ ಸ್ವಲ್ಪ ಮೊದಲು ತೀರ ಕಡಿಮೆ ಬೆಲೆಗೆ ಮಾರಿದ್ದನ್ನೂ ನ್ಯಾಯಮಂಡಳಿ ರದ್ದುಪಡಿಸಬಹುದು. ಬೆಲೆ ಅತಿಯಾಗಿ ಅಗ್ಗವಾಗಿ ಕಂಡಾಗ ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಮಾರುವವರ ಸ್ಥಿತಿಯನ್ನು.

ಹಳೆಯ ಕಾರುಗಳ ವ್ಯಾಪಾರಿಗಳ ಮೂಲಕ ಕೊಳ್ಳುವುದಾದರೆ ಇನ್ನೊಂದು ಸೌಕರ್ಯವಿದೆ. 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಇಂತಹ ವ್ಯಾಪಾರಿಗಳು ಸಾರಿಗೆ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು. ಕಾರು ತಮ್ಮ ವಶಕ್ಕೆ ಬಂದುದನ್ನು ಪೋರ್ಟಲ್‌ನಲ್ಲಿ ತಿಳಿಸಿದ ಮೇಲೆ ಅವರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಅಧಿಕಾರ ಪತ್ರವಿಲ್ಲದ ವ್ಯಾಪಾರಿ ಕೇವಲ ದಲ್ಲಾಳಿ. ಆತನಿಗೆ ಕೊಟ್ಟ ಮುಂಗಡ, ಮಾಲೀಕರಿಗೆ ತಲುಪದ ಮುಂಗಡವಾಗಬಹುದು.

ಇದೇ ಸಂದರ್ಭದಲ್ಲಿ, ಕಾರು ಮಾರುವ ಸದಸ್ಯರಿಗೂ ಒಂದು ಮಾತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾರು ಹಲವು ಬಾರಿ ಕೈಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಹೊಣೆ ಎಂದು ತೀರ್ಪಿತ್ತಿದೆ. ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟ ಕೂಡಲೇ ಸಂಬಂಧ ಕಡಿಯುವುದಿಲ್ಲ, ನೋಂದಣಿ ಪತ್ರದಲ್ಲಿ ಹೆಸರು ಬದಲಾದಾಗ ಕಡಿಯುತ್ತದೆ. ನಮ್ಮ ಕಡೆ ಪರಿಚಯಸ್ಥರ ನಡುವೆ ಬಿಳಿ ಹಾಳೆಯ ಮೇಲೆ ಸಹಿ ಹಾಕಿ ವಾಹನ ಕೊಡುವ ಪದ್ಧತಿ ಇನ್ನೂ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಕಾರಿನ ತಪಾಸಣೆ

ಯಂತ್ರದ ವಿಷಯದಲ್ಲಿ ಲೆಕ್ಕಪರಿಶೋಧಕನ ಮಾತಿಗಿಂತ ನುರಿತ ಮೆಕ್ಯಾನಿಕ್‌ನ ಮಾತು ಹೆಚ್ಚು. ಆದರೆ ಯಾವುದನ್ನು ಕೇಳಬೇಕೆಂಬುದು ತಿಳಿದಿರಬೇಕು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ನೀವೇ ಚಾಲೂ ಮಾಡಿಸಿ ನೋಡಿ. ನೀವು ಹೋಗುವ ಮೊದಲೇ ಬಿಸಿಮಾಡಿಟ್ಟ ಎಂಜಿನ್ ತನ್ನ ದೋಷಗಳನ್ನು ಮುಚ್ಚಿಡುತ್ತದೆ. ಕಾರನ್ನು ರ‍್ಯಾಂಪಿನ ಮೇಲೇರಿಸಿ ತಳಭಾಗ ನೋಡುವುದು ಕಡ್ಡಾಯ. ಮಸ್ಟ್ಯಾಂಗ್‌ನ ತಳ ನೆಲಕ್ಕೆ ಬಹಳ ಹತ್ತಿರ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಸುಖವಾಗಿ ಓಡಿದ ಕಾರು, ಮಂಡ್ಯದಿಂದ ಹೊಳಲಿಗೆ ಹೋಗುವಾಗ ಊರೂರಿನ ರಸ್ತೆ ಉಬ್ಬಿಗೆ ಹೊಟ್ಟೆ ತಾಗಿಸುವುದು ಖಂಡಿತ. ಹಿಂದಿನ ಮಾಲೀಕರ ಕಾಲದಲ್ಲಿಯೂ ತಾಗಿರಬಹುದು. ಎಣ್ಣೆ ತೊಟ್ಟಿ, ಗೇರುಪೆಟ್ಟಿಗೆಯ ಅಡಿ, ಹೊಗೆ ಕೊಳವೆ ಇವುಗಳ ಮೇಲೆ ಗೀರು, ಬೆಸುಗೆ, ಎಣ್ಣೆಯ ಜಿನುಗು ಇದೆಯೇ ಎಂದು ನೋಡಬೇಕು.

ನೀರಿನಲ್ಲಿ ಮುಳುಗಿದ ಕಾರು ಎರಡನೆಯ ಅಪಾಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗದ ಸಿರಿವಂತರ ಬಡಾವಣೆಗಳಲ್ಲಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಬೆಲೆಬಾಳುವ ಕಾರುಗಳು ನೀರಿನಲ್ಲಿ ನಿಂತದ್ದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರುತ್ತಾರೆ. ವಿಮಾ ಸಂಸ್ಥೆಯು ಪೂರ್ಣ ನಷ್ಟವೆಂದು ಹಣ ಕೊಟ್ಟ ಕಾರು ಗುಜರಿಯ ಬೆಲೆಗೆ ಹರಾಜಾಗಿ, ತೊಳೆದು ಒಣಗಿ, ಪುನಃ ಶೋರೂಮಿನ ದೀಪದಡಿ ನಿಲ್ಲುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಪಟ್ಟಿಯಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನಡಿಯ ಬೋಲ್ಟುಗಳ ತುಕ್ಕು, ಡಿಕ್ಕಿಯ ಹಾಸಿನಡಿಯ ಮಣ್ಣು, ಒಳಗಿನ ಅತಿಯಾದ ಸುಗಂಧ ಇವೆಲ್ಲ ಸಾಕ್ಷಿಗಳು. ಹಿಂದಿನ ವಿಮಾ ಪಾಲಿಸಿಗಳನ್ನೂ ಪರಿಹಾರ ಪಡೆದ ವಿವರವನ್ನೂ ಕೇಳಿ ಪಡೆಯುವುದು ಇದಕ್ಕಿಂತ ನೇರವಾದ ದಾರಿ.

ಓಡಿದ ಕಿಲೋಮೀಟರಿನ ಅಂಕಿಯನ್ನು ಮಾತ್ರ ನಂಬಬಾರದು, ಸರ್ವೀಸ್ ಬಿಲ್ಲುಗಳಲ್ಲಿ ದಿನಾಂಕವಾರು ಬರೆದಿರುವ ಅಂಕಿಗಳೊಂದಿಗೆ ತಾಳೆ ಹಾಕಬೇಕು. ಇದು ನಾವು ಸ್ಟಾಕ್ ರಿಜಿಸ್ಟರ್ ಪರಿಶೀಲಿಸುವ ಕ್ರಮವೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ 2018ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಗೀರು ಸವೆಯದಿದ್ದರೂ ಅಷ್ಟು ವರ್ಷದ ರಬ್ಬರು ಇಂತಹ ವೇಗದ ಕಾರಿಗೆ ತಕ್ಕದ್ದಲ್ಲ, ನಾಲ್ಕೂ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಬೇಕು. ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿದ, ಎಂಜಿನ್ನಿನ ಗಣಕ ವ್ಯವಸ್ಥೆಯನ್ನು ತಿದ್ದಿ ಶಕ್ತಿ ಹೆಚ್ಚಿಸಿದ ಕಾರಿಗೆ ಮಾರುವವರು ಹೆಚ್ಚು ಬೆಲೆ ಕೇಳುತ್ತಾರೆ. ವಾಸ್ತವವಾಗಿ ಅದಕ್ಕೆ ಬೆಲೆ ಇಳಿಯಬೇಕು. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡು 52ನೆಯ ಪ್ರಕರಣದಂತೆ ನಿಷಿದ್ಧ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮಾ ಸಂಸ್ಥೆಗೆ ಮೊದಲು ದೊರೆಯುವ ಆಕ್ಷೇಪಣೆಯೂ ಅದುವೇ.

ಬಿಡಿಭಾಗಗಳ ವಿಷಯ ಇನ್ನೂ ಗಂಭೀರ. ಕಾರೇ ವಿದೇಶದಿಂದ ಬಂದದ್ದಾದ್ದರಿಂದ ಹೆಡ್‌ಲೈಟಿನಂಥ ಸಾಮಾನ್ಯ ಭಾಗವೂ ಹಡಗು ಅಥವಾ ವಿಮಾನ ಹತ್ತಿ ಬರಬೇಕು. ಮುಂಗಡ ಕೊಡುವ ಮುನ್ನ ಬೆಂಗಳೂರಿನ ಸರ್ವೀಸ್ ಕೇಂದ್ರವೊಂದಕ್ಕೆ ಹೋಗಿ, ಬ್ರೇಕ್ ಡಿಸ್ಕು, ಮುಂಗಾಜು, ಹೆಡ್‌ಲೈಟ್ ಈ ಮೂರರ ಬೆಲೆ ಮತ್ತು ಬರಲು ತಗಲುವ ಕಾಲವನ್ನು ಲಿಖಿತವಾಗಿ ಪಡೆಯಿರಿ. ಆ ಒಂದು ಹಾಳೆ ಹತ್ತು ಜನರ ಸಲಹೆಗಿಂತ ಹೆಚ್ಚು ತಿಳಿಸುತ್ತದೆ. ಇಂಧನದ ಬಗ್ಗೆಯೂ ಒಂದು ಮಾತು: 2025ರ ಹೊತ್ತಿಗೆ ದೇಶದಾದ್ಯಂತ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಮಿಶ್ರಣ ಬಂದಿದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಇದು ಸಂತೋಷದ ವಿಷಯವೇ. ಆದರೆ 2016ರ ಕಾರಿನ ಕೈಪಿಡಿಯಲ್ಲಿ ಎಥನಾಲ್ ಪ್ರಮಾಣಕ್ಕೆ ಎಷ್ಟು ಮಿತಿ ಹೇಳಿದೆ ಎಂಬುದನ್ನು ಓದಿ ನೋಡತಕ್ಕದ್ದು.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ

ಈಗ ಮೂಲ ಪ್ರಶ್ನೆಗೆ ಬರೋಣ. ಮೊದಲು ಜಿಎಸ್‌ಟಿ. ಹದಿಮೂರಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ಮೇಲೆ ಕಟ್ಟಿದ ತೆರಿಗೆಗೆ ಸಾಮಾನ್ಯ ವರ್ತಕರಿಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಕಾರು ವ್ಯಾಪಾರ, ಬಾಡಿಗೆ ಸಾರಿಗೆ, ಚಾಲನಾ ತರಬೇತಿ ನಡೆಸುವವರಿಗೆ ಮಾತ್ರ ವಿನಾಯಿತಿ. ವಿಮೆ ಮತ್ತು ರಿಪೇರಿಯ ತೆರಿಗೆಗೂ ಇದೇ ನಿರ್ಬಂಧ. ನೋಂದಣಿಯಿಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡರೆ ಜಿಎಸ್‌ಟಿಯೇ ಇಲ್ಲ. ನೋಂದಾಯಿತ ಸಂಸ್ಥೆ ಅಥವಾ ವ್ಯಾಪಾರಿ ಮಾರಿದರೆ ಪೂರ್ಣ ಬೆಲೆಯ ಮೇಲಲ್ಲ, ಅವರ ಲಾಭಾಂಶದ ಮೇಲೆ ಮಾತ್ರ ತೆರಿಗೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ 2025ರ ಜನವರಿ 16ರಿಂದ ಎಲ್ಲ ಹಳೆಯ ಕಾರುಗಳಿಗೂ ಈ ದರ ಶೇ. 18.

ತೊಡಕು ಬರುವುದು ನೀವು ಮಾರುವಾಗ. ಉದಾಹರಣೆಗೆ, ಒಂದು ಪಾಲುದಾರಿಕೆ ಸಂಸ್ಥೆಯು 40,00,000 ರೂಪಾಯಿಗೆ ಕಾರು ಕೊಂಡು ವರ್ಷಕ್ಕೆ ಶೇ. 15ರಂತೆ ಸವಕಳಿ ಬರೆಯಿತೆಂದು ಭಾವಿಸೋಣ. ಮೊದಲ ವರ್ಷ 6,00,000, ಎರಡನೆಯ ವರ್ಷ 5,10,000, ಮೂರನೆಯ ವರ್ಷ 4,33,500. ಪುಸ್ತಕದಲ್ಲಿ ಉಳಿಯುವ ಬೆಲೆ 24,56,500. ನಾಲ್ಕನೆಯ ವರ್ಷದ ಆರಂಭದಲ್ಲಿ ಅದನ್ನು 30,00,000ಕ್ಕೆ ಮಾರಿದರೆ, ಕೈಯಿಂದ 10 ಲಕ್ಷ ಕಳೆದುಕೊಂಡಿದ್ದರೂ, ಜಿಎಸ್‌ಟಿ ನಿಯಮದ ದೃಷ್ಟಿಯಲ್ಲಿ 5,43,500 ಲಾಭಾಂಶ. ಅದರ ಮೇಲೆ ಶೇ. 18ರಂತೆ 97,830 ರೂಪಾಯಿ ತೆರಿಗೆ. ಆ ವರ್ಗದಲ್ಲಿ ಬೇರೆ ಆಸ್ತಿ ಇಲ್ಲದಿದ್ದರೆ ಅದೇ 5,43,500 ಅಲ್ಪಾವಧಿ ಗಳಿಕೆಯಾಗಿ ಆದಾಯಕ್ಕೂ ಸೇರುತ್ತದೆ. ಮೂರು ವರ್ಷದಲ್ಲಿ ಬರೆದ ಸವಕಳಿ 15,43,500ರಲ್ಲಿ ಇಷ್ಟು ಹಿಂದೆ ಬಂದರೆ ನಿವ್ವಳವಾಗಿ ಉಳಿದದ್ದು 10,00,000. ಮೇಲ್ತೆರಿಗೆ ಇಲ್ಲದ ಸಂಸ್ಥೆಗೆ ಶೇ. 31.2ರಂತೆ ತೆರಿಗೆ ಉಳಿತಾಯ 3,12,000. ಇದರಲ್ಲಿ ಜಿಎಸ್‌ಟಿ ಕಳೆದರೆ 2,14,170. ಮೂರು ವರ್ಷಕ್ಕೆ, 40 ಲಕ್ಷದ ಮೇಲೆ, ಇಷ್ಟೇ.

ಇಷ್ಟೂ ಪೂರ್ತಿಯಾಗಿ ದೊರೆಯುವುದು ಕಾರು ಸಂಪೂರ್ಣವಾಗಿ ವ್ಯವಹಾರಕ್ಕೇ ಬಳಕೆಯಾದಾಗ ಮಾತ್ರ. ಎರಡು ಬಾಗಿಲಿನ ಕಾರಿನಲ್ಲಿ ಬೆಲ್ಲದ ಮಂಡಿಗೂ ಅಕ್ಕಿ ಗಿರಣಿಗೂ ಪ್ರತಿದಿನ ಓಡಾಡಿದೆವೆಂದು ತೆರಿಗೆ ಅಧಿಕಾರಿಯನ್ನು ನಂಬಿಸುವುದು ಸುಲಭವಲ್ಲ. ಸ್ವಂತ ಬಳಕೆಯ ಭಾಗಕ್ಕೆ ಸವಕಳಿ, ಪೆಟ್ರೋಲ್, ವಿಮೆ, ಸಾಲದ ಬಡ್ಡಿ ಎಲ್ಲದರಲ್ಲಿಯೂ ಕಡಿತವಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರ ಕಾಯ್ದೆ ಬಂದು ಪ್ರಕರಣಗಳ ಸಂಖ್ಯೆಗಳು ಬದಲಾದರೂ ಈ ತತ್ವ ಬದಲಾಗಿಲ್ಲ. ಆದಕಾರಣ, ಮೋಜಿನ ಕಾರನ್ನು ತೆರಿಗೆ ಕಟ್ಟಿ ಉಳಿದ ಸ್ವಂತ ಹಣದಿಂದ ಸ್ವಂತ ಹೆಸರಿನಲ್ಲಿ ಕೊಳ್ಳುವುದೇ ಲೇಸೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸವಕಳಿ ಬರೆಯದ, ವ್ಯವಹಾರಕ್ಕೆ ಸೇರದ ಸ್ವಂತ ಕಾರನ್ನು ಮಾರುವಾಗ ಜಿಎಸ್‌ಟಿಯ ಪ್ರಶ್ನೆ ಏಳುವುದಿಲ್ಲ. ವೈಯಕ್ತಿಕ ಬಳಕೆಯ ವಸ್ತುವಾದ್ದರಿಂದ ಬಂಡವಾಳ ಗಳಿಕೆಯ ತೆರಿಗೆಯೂ ಇಲ್ಲ.

ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಕಾರಿನ ಹಣ ಕೊಡುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡತಕ್ಕದ್ದಲ್ಲ. ಆ ಸಾಲ ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಆಧಾರದ ಮೇಲೆ ಕೊಟ್ಟದ್ದು. ಭತ್ತ ಕೊಳ್ಳುವ ಸುಗ್ಗಿಯಲ್ಲಿ, ಅಥವಾ ಆಲೆಮನೆಗಳಿಂದ ಬೆಲ್ಲ ಎತ್ತುವ ಕಾಲದಲ್ಲಿ, 40 ಲಕ್ಷ ಕಾರಿನಲ್ಲಿ ಸಿಲುಕಿದ್ದರೆ ವರ್ತಕರು ಕೈಸಾಲಕ್ಕೆ ಓಡಬೇಕಾಗುತ್ತದೆ. ಶೇ. 10ರ ಬಡ್ಡಿಯಲ್ಲಿಯೂ ಅದು ವರ್ಷಕ್ಕೆ 4 ಲಕ್ಷದ ಹೊರೆ. ಲೆಕ್ಕಪರಿಶೋಧನೆಯಲ್ಲಿ ಇದು ಹಣದ ಅನ್ಯ ಬಳಕೆಯೆಂದು ಕಾಣಿಸಿಕೊಂಡರೆ, ಮುಂದಿನ ಸಲ ಸಾಲದ ಮಿತಿ ನವೀಕರಿಸುವಾಗ ಬ್ಯಾಂಕಿನ ವ್ಯವಸ್ಥಾಪಕರು ಕೇಳುವ ಮೊದಲ ಪ್ರಶ್ನೆ ಕಾರಿನದೇ ಆಗಿರುತ್ತದೆ.

ಹಣ ಪಾವತಿ ಮತ್ತು ವಿಮೆ

ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಪಡೆಯುವುದು ನಿಷಿದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಕೊಟ್ಟವರಿಗೆ ದಂಡವಿಲ್ಲವಲ್ಲ ಎಂದು ಸಮಾಧಾನಪಡಬೇಕಾಗಿಲ್ಲ: ಸಂಸ್ಥೆಯ ಆಸ್ತಿಗಾಗಿ ಒಂದು ದಿನದಲ್ಲಿ ಒಬ್ಬರಿಗೆ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ಭಾಗ ಆಸ್ತಿಯ ಬೆಲೆಗೇ ಸೇರುವುದಿಲ್ಲ, ಅದರ ಮೇಲೆ ಸವಕಳಿಯೂ ಇಲ್ಲ. ಬಿಲ್ಲಿನಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ಪ್ರಸ್ತಾಪ ಬಂದರೆ, ಕಾರು ವಿವಾದಕ್ಕೆ ಸಿಲುಕಿದ ದಿನ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಬಿಲ್ಲಿನಷ್ಟು ಹಣಕ್ಕೆ ಮಾತ್ರ ಎಂಬುದನ್ನು ನೆನೆಯಬೇಕು. 10 ಲಕ್ಷ ಮೀರಿದ ವಾಹನಕ್ಕೆ, ನಿಗದಿತ ವಹಿವಾಟಿನ ಮಿತಿ ದಾಟಿದ ಮಾರಾಟಗಾರರು ನಿಮ್ಮಿಂದ ಶೇ. 1ರಷ್ಟು ತೆರಿಗೆ ಸಂಗ್ರಹಿಸಿ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆ ಮಾಡುತ್ತಾರೆ. ಇದು ನಷ್ಟವಲ್ಲ, ವಿವರಪಟ್ಟಿ ಸಲ್ಲಿಸುವಾಗ ಮರಳಿ ದೊರೆಯುತ್ತದೆ. ಆದರೆ ಖರೀದಿಯ ಸುದ್ದಿ ಇಲಾಖೆಗೆ ನಿಮಗಿಂತ ಮೊದಲೇ ತಲುಪಿರುತ್ತದೆ. ವರ್ಷಕ್ಕೆ 6 ಲಕ್ಷ ಆದಾಯ ತೋರಿಸಿದವರು 40 ಲಕ್ಷದ ಕಾರು ಕೊಂಡರೆ ಹಣದ ಮೂಲ ವಿವರಿಸಲು ಸಿದ್ಧರಿರಬೇಕು.

ವಿಮೆಯ ವಿಷಯದಲ್ಲಿ, ಕಾಯ್ದೆಯ 157ನೆಯ ಪ್ರಕರಣದಂತೆ ಪಾಲಿಸಿ ತಾನಾಗಿ ವರ್ಗವಾಗುವುದು ಇತರರಿಗಾಗುವ ಹಾನಿಯ ಮಟ್ಟಿಗೆ ಮಾತ್ರ. ನಿಮ್ಮ ಕಾರಿಗೇ ಆದ ಹಾನಿಗೆ ಪರಿಹಾರ ಬೇಕಾದರೆ 14 ದಿನಗಳೊಳಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಿಂದಿನ ಮಾಲೀಕರ ನೋ ಕ್ಲೈಮ್ ಬೋನಸ್ ಅವರದು, ನಿಮ್ಮದಲ್ಲ. ಐದು ವರ್ಷ ಮೀರಿದ ಕಾರಿನ ವಿಮಾ ಮೌಲ್ಯವನ್ನು ಪರಸ್ಪರ ಒಪ್ಪಂದದಿಂದ ನಿಗದಿಪಡಿಸುವ ಪದ್ಧತಿಯಿರುವುದರಿಂದ, ಪ್ರೀಮಿಯಂ ಉಳಿಸಲು ಮೌಲ್ಯ ಇಳಿಸುವ ಸಲಹೆಗೆ ಒಪ್ಪಬಾರದು. ಆಮದು ಬಿಡಿಭಾಗಗಳ ಬೆಲೆಯಲ್ಲಿ ಒಂದು ಮಧ್ಯಮ ಅಪಘಾತವೇ ಪೂರ್ಣ ನಷ್ಟದ ಮಟ್ಟ ಮುಟ್ಟಬಹುದು, ಆಗ ಸಿಗುವುದು ಪಾಲಿಸಿಯಲ್ಲಿ ಬರೆದ ಮೊತ್ತ ಮಾತ್ರ.

ಕೊನೆಯದಾಗಿ ಪಾವತಿಯ ಕ್ರಮ. ಅಲ್ಪ ಮುಂಗಡವನ್ನು ಬ್ಯಾಂಕ್ ಮೂಲಕ, ಕಾಗದಗಳು ಸರಿಯಿಲ್ಲದಿದ್ದರೆ ಮರಳಿಸತಕ್ಕದ್ದೆಂಬ ಲಿಖಿತ ಷರತ್ತಿನೊಂದಿಗೆ ಕೊಡಬೇಕು. ಪರಿವಾಹನ್ ಜಾಲತಾಣದಲ್ಲಿ ನೋಂದಣಿ, ಸಾಲದ ನಮೂದು, ಬಾಕಿ ದಂಡಗಳನ್ನು ನೋಡಬೇಕು. ಕಳವಿನ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವಾಹನ ಪರಿಶೀಲನಾ ಸೇವೆಯಲ್ಲಿ ನೋಡಬಹುದು. ಮಾರುವವರ ಸಾಲವಿದ್ದರೆ ಆ ಭಾಗದ ಹಣವನ್ನು ನೇರವಾಗಿ ಅವರ ಸಾಲದ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ವರ್ಗಾವಣೆಯ ನಮೂನೆಗಳಿಗೆ ಸಹಿಯಾಗಿ, ವಿಮೆಯ ಅರ್ಜಿ ಸಿದ್ಧವಾದ ದಿನ ಬಾಕಿ ಹಣ ಕೊಟ್ಟು, ಗಂಟೆ ನಿಮಿಷ ಸಹಿತ ಬರೆದ ಹಸ್ತಾಂತರ ಪತ್ರ ಹಾಗೂ ಎರಡೂ ಕೀಲಿಕೈಗಳನ್ನು ಪಡೆಯಬೇಕು. ಬೆಂಗಳೂರಿನಿಂದ ಊರಿಗೆ ತರುವ ದಿನ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನ ಮಿತಿ ಇರುವುದನ್ನೂ ಅಲ್ಲಲ್ಲಿ ಕ್ಯಾಮೆರಾಗಳಿರುವುದನ್ನೂ ಚಾಲಕರಿಗೆ ತಿಳಿಸುವುದು. ಅಂದಿನಿಂದ ಬರುವ ದಂಡದ ಚೀಟಿಗಳು ಹಸ್ತಾಂತರ ಪತ್ರದ ಪ್ರಕಾರ ನಿಮ್ಮವೇ.